ಮ್ಯಾಗ್ನಮ್ ಕೈಗೆತ್ತಿಕೊಳ್ಳುವ ಮುನ್ನ

ಟೆಕ್ಸಾಸ್‌ಗೆ ಎಂ.ಎಸ್. ಮಾಡಲು ಬರುವ ನಮ್ಮ ಕಡೆಯ ಹುಡುಗ, ಹುಡುಗಿಯರು ಮೊದಲ ತಿಂಗಳು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚೂಕಡಿಮೆ ಒಂದೇ ಥರ. ಸೋನಾ ಮಸೂರಿ ಎಲ್ಲಿ ಸಿಗುತ್ತೆ? ಹಳೇ ಕಾರು ತಗೊಂಡ್ರೆ ನಡೆಯುತ್ತಾ? ಡ್ರೈವಿಂಗ್ ಟೆಸ್ಟ್‌ಗೆ ಸ್ಲಾಟ್ ಯಾವಾಗ ಬುಕ್ ಮಾಡ್ಬೇಕು? ಎರಡನೇ ತಿಂಗಳಿಗೆ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ: 'ಅಕ್ಕಾ, ನಿಮ್ಮ ಹತ್ರ ಗನ್ ಇದೆಯಂತೆ, ಹೌದಾ? ಒಂದ್ಸಲ ರೇಂಜ್‌ಗೆ ಕರ್ಕೊಂಡು ಹೋಗ್ತೀರಾ?'

ಗನ್ ಇರುವುದು ನಿಜ. ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ 686 ಎಂಬ ಮಾದರಿಯ .357 ಮ್ಯಾಗ್ನಮ್ ರಿವಾಲ್ವರ್. ನಾಲ್ಕು ಇಂಚಿನ ಬ್ಯಾರೆಲ್, ಆರು ಗುಂಡು, ಖಾಲಿ ಇದ್ದಾಗಲೇ ಒಂದು ಕೆ.ಜಿ.ಗಿಂತ ತುಸು ಹೆಚ್ಚು ತೂಕ. ತಿಂಗಳಿಗೆ ಒಂದೆರಡು ಶನಿವಾರ ಮನೆ ಹತ್ತಿರದ ಇಂಡೋರ್ ರೇಂಜ್‌ಗೆ ಹೋಗಿ ಐವತ್ತು ಗುಂಡು ಹೊಡೆದು ಬರುತ್ತೇನೆ. ಆದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕೇಳಿದರೆ ನನ್ನ ಉತ್ತರ ಯಾವಾಗಲೂ 'ಇಲ್ಲ'. ಯಾಕೆ ಇಲ್ಲ ಅನ್ನುತ್ತೇನೆ, ಹಾಗಿದ್ದೂ ನಾನು ಯಾಕೆ ಹೋಗುತ್ತೇನೆ? ಪ್ರತಿ ವರ್ಷ ಹೊಸ ಬ್ಯಾಚ್‌ಗೆ ಹೇಳಿ ಹೇಳಿ ಬಾಯಿಪಾಠವಾಗಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೂಟ್‌ಕೇಸ್ ತುಂಬಿಸುತ್ತಿರುವವರಿಗೂ, ಊರಲ್ಲೇ ಇದ್ದು ಶೂಟಿಂಗ್ ಕಡೆ ಮನಸ್ಸಿರುವವರಿಗೂ ಉಪಯೋಗಕ್ಕೆ ಬಂದರೆ ಬರಲಿ.

ಬಾಟಲಿಗೂ ಗುಂಡಿಗೂ ಒಂದೇ ಹೆಸರು

ವೈನ್ ಮಾರುವವರ ಲೆಕ್ಕದಲ್ಲಿ 'ಮ್ಯಾಗ್ನಮ್' ಅಂದರೆ ಒಂದೂವರೆ ಲೀಟರಿನ ಬಾಟಲಿ, ಮಾಮೂಲಿ ಬಾಟಲಿಯ ಎರಡರಷ್ಟು. ಮಾಮೂಲಿಗಿಂತ ಹೆಚ್ಚು ಬಲದ ಕಾಡತೂಸುಗಳಿಗೂ ಅದೇ ಹೆಸರು ನಿಂತಿತು. .357 ಮ್ಯಾಗ್ನಮ್ ರಿವಾಲ್ವರನ್ನು ಸ್ಮಿತ್ ಆ್ಯಂಡ್ ವೆಸನ್ ಮಾರುಕಟ್ಟೆಗೆ ತಂದದ್ದು 1935ರಲ್ಲಿ. ಅದು ಕಾರು ಹತ್ತಿ ಪರಾರಿಯಾಗುವ ದರೋಡೆಕೋರರ ಕಾಲ. ಪೊಲೀಸರ ಹತ್ತಿರ ಇದ್ದ .38 ಸ್ಪೆಷಲ್ ಗುಂಡಿಗೆ ಕಾರಿನ ತಗಡು ತೂರುವುದೇ ಕಷ್ಟವಾಗಿತ್ತು. ಅಷ್ಟೇ ದಪ್ಪದ ಗುಂಡನ್ನು ಇಟ್ಟುಕೊಂಡು, ಹೆಚ್ಚು ಒತ್ತಡದ ಮದ್ದು ತುಂಬಿ, ಕಾಡತೂಸನ್ನು ಒಂದಿಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರು.

ಈ 3 ಮಿಲಿಮೀಟರ್ ಯಾಕೆ ಗೊತ್ತಾ? ಹಳೆಯ .38 ರಿವಾಲ್ವರಿಗೆ ಯಾರಾದರೂ ಮ್ಯಾಗ್ನಮ್ ತುಂಬಿ ಹೊಡೆದರೆ ಅದು ಒತ್ತಡ ತಾಳದೆ ಕೈಯಲ್ಲೇ ಸಿಡಿಯಬಹುದು. ಉದ್ದ ಮಾಡಿದ್ದರಿಂದ ಅದು ಒಳಗೆ ಕೂರುವುದೇ ಇಲ್ಲ. ಉಲ್ಟಾ ಮಾತ್ರ ನಡೆಯುತ್ತದೆ: .357 ರಿವಾಲ್ವರಿಗೆ .38 ಸ್ಪೆಷಲ್ ಹಾಕಬಹುದು. ಎಂಜಿನಿಯರಿಂಗ್ ಓದುವವರು ಇದನ್ನು ನೆನಪಿಟ್ಟುಕೊಳ್ಳಿ, ಇಂಟರ್‌ವ್ಯೂನಲ್ಲೂ ಹೇಳಬಹುದು. 'ತಪ್ಪು ಮಾಡಬೇಡಿ' ಎಂದು ಬೋರ್ಡ್ ನೇತುಹಾಕುವುದಕ್ಕಿಂತ ತಪ್ಪು ಮಾಡಲು ಆಗದ ಹಾಗೆ ವಸ್ತುವನ್ನೇ ರೂಪಿಸುವುದು ಮೇಲು.

ಎರಡರ ಬಲದ ವ್ಯತ್ಯಾಸ ತಿಳಿಯಲು ಪಿಯುಸಿ ಫಿಸಿಕ್ಸ್ ಸಾಕು. ಎರಡರಲ್ಲೂ ಸುಮಾರು 10 ಗ್ರಾಂ ತೂಕದ ಗುಂಡು ಇದೆ ಅಂದುಕೊಳ್ಳಿ. .38 ಸ್ಪೆಷಲ್ ಸೆಕೆಂಡಿಗೆ ಸುಮಾರು 230 ಮೀಟರ್ ವೇಗದಲ್ಲಿ ಹೊರಟರೆ ಮ್ಯಾಗ್ನಮ್ ಸುಮಾರು 375 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗವೇ 343 ಮೀಟರ್. ಚಲನಶಕ್ತಿಯ ಸೂತ್ರದಲ್ಲಿ ವೇಗಕ್ಕೆ ವರ್ಗ ಇರುವುದರಿಂದ ಶಕ್ತಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಆಮೇಲೆ 1950ರ ದಶಕದಲ್ಲಿ ಇದಕ್ಕೂ ದೊಡ್ಡ .44 ಮ್ಯಾಗ್ನಮ್ ಬಂತು. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದ ಮೇಲೆ ಮ್ಯಾಗ್ನಮ್ ಅನ್ನುವ ಹೆಸರು ಗನ್ ಮುಟ್ಟದವರಿಗೂ ಗೊತ್ತಾಯಿತು. ನಮ್ಮಲ್ಲಿ ಕೆಜಿಎಫ್‌ನ 'ದೊಡ್ಡಮ್ಮ'ನಿಗೆ ಬಿದ್ದ ಶಿಳ್ಳೆ ಇದೆಯಲ್ಲ, ಹಾಗೆ.

ಎದುರಾಳಿ ನಮ್ಮ ಮೈಯೇ

ಹಾಸನದಲ್ಲಿ ಡಿಗ್ರಿ ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ಕ್ಯಾಂಪ್‌ನಲ್ಲಿ ನೆಲದ ಮೇಲೆ ಬೋರಲು ಮಲಗಿ .22 ರೈಫಲ್‌ನಿಂದ ಗುಂಡು ಹೊಡೆದದ್ದೇ ನನ್ನ ಬಂಡವಾಳ. .22 ಒದೆಯುವುದೇ ಇಲ್ಲ ಅನ್ನಬಹುದು, ಚಿಕ್ಕದೊಂದು 'ಟಪ್' ಅಷ್ಟೇ. ಮ್ಯಾಗ್ನಮ್ ಹಾಗಲ್ಲ. ಟ್ರಿಗರ್ ಬಿದ್ದ ಕ್ಷಣ ಎದುರಿಗೆ ಕಿತ್ತಳೆ ಬಣ್ಣದ ಬೆಂಕಿ, ಅಂಗೈಗೆ ಯಾರೋ ಗುದ್ದಿದ ಹಾಗೆ ಒಂದು ಏಟು, ಬ್ಯಾರೆಲ್ ತಾನಾಗಿ ಮೇಲಕ್ಕೆ ಏಳುತ್ತದೆ. ಶಬ್ದ ಕಿವಿಗಿಂತ ಮೊದಲು ಎದೆಗೆ ತಾಕುತ್ತದೆ. ಸಿನಿಮಾದ ಹೀರೊ ಒಂದೇ ಕೈಯಲ್ಲಿ, ಇನ್ನೊಂದು ಕೈಲಿ ಸಿಗರೇಟು ಇಟ್ಟುಕೊಂಡು ಹೊಡೆಯುತ್ತಾನೆ. ರೇಂಜ್‌ನಲ್ಲಿ ಹಾಗೆ ಹೊಡೆಯುವವರನ್ನು ನಾನು ನೋಡಿಲ್ಲ. ಎಲ್ಲರದ್ದೂ ಎರಡೂ ಕೈ, ಬಿಗಿ ಹಿಡಿತ, ಸ್ವಲ್ಪ ಮುಂದಕ್ಕೆ ಬಾಗಿದ ಮೈ.

ಮೊದಲು ಕಲಿಯಬೇಕಾದದ್ದು ಬೆರಳು ಎಲ್ಲಿರಬಾರದು ಅನ್ನೋದು. ರಿವಾಲ್ವರಿನಲ್ಲಿ ತಿರುಗುವ ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಗುಂಡು ಹಾರುವಾಗ ಆ ಸಂದಿಯಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ಮ್ಯಾಗ್ನಮ್‌ನಲ್ಲಿ ಅದಕ್ಕೆ ಚರ್ಮ ಸೀಳುವಷ್ಟು ಬಲ ಇದೆ. ಹೊಸಬರು ರೈಫಲ್ ಹಿಡಿದ ಅಭ್ಯಾಸದಲ್ಲಿ ಎಡಗೈಯನ್ನು ಮುಂದೆ ಚಾಚುತ್ತಾರೆ. ರೇಂಜ್ ಆಫೀಸರ್ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಆಮೇಲೆ ಟ್ರಿಗರ್. ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಿ ಹೊಡೆದರೆ ಎರಡು ಕೆ.ಜಿ.ಗಿಂತ ಕಡಿಮೆ ಒತ್ತಿದರೆ ಸಾಕು. ಹ್ಯಾಮರ್ ಮುಟ್ಟದೆ ಟ್ರಿಗರ್ ಒಂದನ್ನೇ ಎಳೆದರೆ ಐದು ಕೆ.ಜಿ.ಯಷ್ಟು ಬಲ ಬೇಕು. ಆ ಒಂದೇ ಎಳೆತ ಸಿಲಿಂಡರ್ ತಿರುಗಿಸಿ, ಹ್ಯಾಮರ್ ಎತ್ತಿ, ಬಿಡಬೇಕು. ಒಂದು ಕೆ.ಜಿ. ತೂಕದ ವಸ್ತುವನ್ನು ಅಲ್ಲಾಡಿಸದೆ ಹಿಡಿದು ಒಂದು ಬೆರಳಲ್ಲಿ ಐದು ಕೆ.ಜಿ. ಎಳೆಯಿರಿ ಅಂದರೆ ಹೇಗಿರುತ್ತದೆ ಯೋಚಿಸಿ.

ಆದರೂ ಗುರಿ ತಪ್ಪುವುದಕ್ಕೆ ದೊಡ್ಡ ಕಾರಣ ತೂಕವಲ್ಲ, ಹೆದರಿಕೆ. ಗುಂಡು ಹಾರುವ ಒಂದು ಗಳಿಗೆ ಮುಂಚೆ ಮೈ ಅದನ್ನು ಊಹಿಸಿಬಿಡುತ್ತದೆ. ಕಣ್ಣು ಮುಚ್ಚುತ್ತದೆ, ಮಣಿಕಟ್ಟು ಕೆಳಗೆ ಕುಕ್ಕುತ್ತದೆ. ಗುಂಡು ಪೇಪರಿನ ಕೆಳಗಡೆ ಎಲ್ಲೋ ಬೀಳುತ್ತದೆ. 'ಫ್ಲಿಂಚ್' ಅನ್ನುವ ಈ ರೋಗ ಯಾರಿಗೂ ತಪ್ಪಿದ್ದಲ್ಲ. ತಮಾಷೆ ಅಂದರೆ ನಮಗೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ, ಯಾಕಂದರೆ ಗುಂಡಿನ ಸದ್ದು, ಒದೆತದಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಅದನ್ನು ಬಯಲಿಗೆ ತರಲು ರಿವಾಲ್ವರಿನಲ್ಲಿ ಸುಲಭದ ಉಪಾಯ ಇದೆ. ಮೂರು ಜೀವಂತ ಕಾಡತೂಸು, ಮೂರು ಹೊಡೆದು ಮುಗಿದ ಖಾಲಿ ಕಾಡತೂಸು. ಜೊತೆಯಲ್ಲಿರುವವರು ನಮಗೆ ಕಾಣದ ಹಾಗೆ ಮಿಶ್ರ ಮಾಡಿ ತುಂಬಿ ಕೊಡುತ್ತಾರೆ. ಯಾವುದು ಜೀವಂತ, ಯಾವುದು ಖಾಲಿ ಎಂದು ಗೊತ್ತಿಲ್ಲದೆ ಹೊಡೆಯಬೇಕು. ಹ್ಯಾಮರ್ ಖಾಲಿಯ ಮೇಲೆ ಬಿದ್ದಾಗ ಬರೀ 'ಟಕ್' ಅನ್ನುತ್ತದೆ. ಆ ಕ್ಷಣ ಬ್ಯಾರೆಲ್ ಅಲ್ಲಾಡದೆ ನಿಂತಿದ್ದರೆ ಪಾಸು. ನನಗೆ ಕಲಿಸಿದವರು ಅರವತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು. ಅವರು ನನಗೆ ಮೊದಲ ನಾಲ್ಕು ತಿಂಗಳು ಮ್ಯಾಗ್ನಮ್ ಗುಂಡನ್ನು ಮುಟ್ಟಲೇ ಬಿಡಲಿಲ್ಲ. ಬರೀ .38, ಅದೂ ಏಳು ಗಜ ದೂರದಿಂದ. ದಿನಾ ರಾತ್ರಿ ಹತ್ತು ನಿಮಿಷ ಖಾಲಿ ಗನ್, ಖಾಲಿ ಗೋಡೆ, ಬರೀ ಟ್ರಿಗರ್. ಗುಂಡುಗಳು ಬೇರೆ ಕೋಣೆಯಲ್ಲಿ ಬೀಗದೊಳಗೆ.

ನಾನು ಯಾಕೆ ಹೋಗುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಇದೇ. ಆಫೀಸಿನಲ್ಲಿ ಇಡೀ ವಾರ ಎರಡು ಸ್ಕ್ರೀನ್, ಮೂರು ಚಾಟ್, ನಾಲ್ಕು ಮೀಟಿಂಗ್ ನಡುವೆ ಮನಸ್ಸು ಚೂರು ಚೂರಾಗಿರುತ್ತದೆ. ರೇಂಜ್‌ನಲ್ಲಿ ಮುಂದಿನ ಗುರಿಕಡ್ಡಿ ಒಂದನ್ನೇ ನೋಡಬೇಕು. ಹಿಂದಿನ ಗುಂಡಿನ ಬೇಜಾರು ಇಟ್ಟುಕೊಂಡರೆ ಈ ಗುಂಡೂ ಹೋಯಿತು. ಮುಂದಿನದರ ಚಿಂತೆ ಮಾಡಿದರೂ ಹೋಯಿತು. ಹೆದರಿಕೆ ಇಲ್ಲದಂತೆ ಮಾಡಿಕೊಳ್ಳುವುದು ಯಾರಿಂದಲೂ ಆಗದು, ಹೆದರಿಕೆ ಇದ್ದೂ ಕೈ ನಿಲ್ಲಿಸುವುದನ್ನು ಕಲಿಯಬಹುದು.

ಯಾರು ಕೂಗಿದರೂ ನಿಲ್ಲಿಸಬೇಕು

ಒಳ್ಳೆಯ ರೇಂಜ್ ಅಂದರೆ ದೇವಸ್ಥಾನದ ಗರ್ಭಗುಡಿಯಷ್ಟೇ ಕಟ್ಟುನಿಟ್ಟು. ಜೆಫ್ ಕೂಪರ್ ಎಂಬ ಅಮೆರಿಕದ ತರಬೇತುದಾರ ಜನಪ್ರಿಯಗೊಳಿಸಿದ ನಾಲ್ಕು ನಿಯಮಗಳನ್ನು ಎಲ್ಲ ಕಡೆ ಹೇಳಿಕೊಡುತ್ತಾರೆ. ಪ್ರತಿ ಗನ್‌ನಲ್ಲೂ ಗುಂಡು ಇದೆ ಎಂದೇ ತಿಳಿಯಿರಿ. ನಾಶವಾಗಬಾರದ್ದರ ಕಡೆ ಬ್ಯಾರೆಲ್ ತಿರುಗಿಸಬೇಡಿ. ಗುರಿ ಹಿಡಿಯುವ ತನಕ ಟ್ರಿಗರ್ ಮೇಲೆ ಬೆರಳು ಇಡಬೇಡಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ತಿಳಿದೇ ಹೊಡೆಯಿರಿ. ಒಂದನ್ನು ಮರೆತಾಗಲೂ ಉಳಿದ ಮೂರು ಕಾಪಾಡುವ ಹಾಗಿದೆ ಈ ಜೋಡಣೆ.

ನನಗೆ ಬಹಳ ಹಿಡಿಸಿದ ಪದ್ಧತಿ ಇನ್ನೊಂದಿದೆ. ಏನಾದರೂ ಅಪಾಯ ಕಂಡರೆ 'ಸೀಸ್ ಫೈರ್' ಎಂದು ಕೂಗುವ ಹಕ್ಕು ಆಫೀಸರ್‌ಗೆ ಮಾತ್ರ ಇರುವುದಲ್ಲ. ಇವತ್ತೇ ಮೊದಲ ಸಲ ಬಂದ ಹುಡುಗಿ ಕೂಗಿದರೂ ಮೂವತ್ತು ವರ್ಷ ಅನುಭವ ಇರುವವರು ಆ ಕ್ಷಣವೇ ನಿಲ್ಲಿಸಬೇಕು. ಯಾಕೆ ಎಂದು ಆಮೇಲೆ ಕೇಳಬಹುದು.

ಟ್ರಿಗರ್ ಎಳೆದೂ ಗುಂಡು ಹಾರಲಿಲ್ಲ ಅನ್ನಿ. ತಕ್ಷಣ ಸಿಲಿಂಡರ್ ತೆಗೆದು ನೋಡುವಂತಿಲ್ಲ. ಬ್ಯಾರೆಲ್ ಗುರಿಯ ಕಡೆಗೇ ಇಟ್ಟು ಕನಿಷ್ಠ ಮೂವತ್ತು ಸೆಕೆಂಡ್ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಶಬ್ದ ಎಂದಿನಂತೆ ಬರದೆ ಬರೀ 'ಪುಸ್' ಅಂದರೆ ಇನ್ನೂ ಹುಷಾರು. ಗುಂಡು ಬ್ಯಾರೆಲ್ ನಡುವೆಯೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ಗನ್ ಒಡೆಯುತ್ತದೆ.

ಕಿವಿಯ ವಿಷಯದಲ್ಲಿ ಧೈರ್ಯ ತೋರಿಸಬಾರದು. ಥಟ್ಟನೆ ಬರುವ ಶಬ್ದ 140 ಡೆಸಿಬಲ್ ದಾಟಿದರೆ ಒಂದೇ ಏಟಿಗೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ಮ್ಯಾಗ್ನಮ್ ಅದನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಒಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಮದ್ದಿನ ಹೊಗೆಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಮುಗಿದ ಮೇಲೆ ಸೋಪು ಹಚ್ಚಿ ತಣ್ಣೀರಲ್ಲಿ ಕೈ ತೊಳೆಯದೆ ಏನನ್ನೂ ತಿನ್ನುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಾದ್ದರಿಂದ ನಾನು ಆ ಶೂಗಳನ್ನು ಗ್ಯಾರೇಜ್‌ನಲ್ಲೇ ಬಿಡುತ್ತೇನೆ.

ವೀಸಾ ಎಂಬ ಲಕ್ಷ್ಮಣ ರೇಖೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಟೆಕ್ಸಾಸ್‌ನಲ್ಲಿ ಗನ್ ಅಂಗಡಿ ಹಾರ್ಡ್‌ವೇರ್ ಅಂಗಡಿಯಷ್ಟೇ ಸಾಮಾನ್ಯ. ರೇಂಜ್‌ಗಳಲ್ಲಿ ಗನ್ ಬಾಡಿಗೆಗೆ ಸಿಗುತ್ತದೆ. ಅಷ್ಟೆಲ್ಲ ಬಹಿರಂಗವಾಗಿ ಇರುವುದನ್ನು ನೋಡಿ ನಮ್ಮವರು 'ಇಲ್ಲಿ ಎಲ್ಲಾ ಫ್ರೀ' ಅಂದುಕೊಳ್ಳುತ್ತಾರೆ. ಆದರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್ ಇಮಿಗ್ರಂಟ್ ವೀಸಾದಲ್ಲಿ ಒಳಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಎಫ್-1 ವಿದ್ಯಾರ್ಥಿ, ಓದು ಮುಗಿಸಿ ಒಪಿಟಿಯಲ್ಲಿರುವವರು, ಎಚ್-1ಬಿ, ಎಚ್-4, ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮನ ಬಿ-2, ಎಲ್ಲ ಇದರೊಳಗೆ ಬರುತ್ತವೆ. 'ಹೊಂದುವುದು' ಅಂದರೆ ಖರೀದಿ ಮಾತ್ರವಲ್ಲ. ರೇಂಜ್‌ನಲ್ಲಿ ಬಾಡಿಗೆ ಗನ್ ಹಿಡಿದು ಹತ್ತು ನಿಮಿಷ ಹೊಡೆಯುವುದೂ ಅದರಲ್ಲಿ ಸೇರುತ್ತದೆ. 2022ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ಬಂದೂಕಿನ ಕೇಸಿನಲ್ಲಿ ಶಿಕ್ಷೆಯಾದರೆ ದೇಶದಿಂದ ಹೊರಹಾಕುವುದಕ್ಕೂ ಅದೇ ಕಾರಣವಾಗುತ್ತದೆ. ಗೊತ್ತಿದ್ದೂ ಕೊಟ್ಟವರಿಗೂ ಶಿಕ್ಷೆ ಇದೆ.

ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ಅಮೆರಿಕದ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಹೊಂದಿರುವುದು ಅವುಗಳಲ್ಲಿ ಒಂದು. ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ 'ಆನ್‌ಲೈನ್‌ನಲ್ಲಿ ಹಂಟಿಂಗ್ ಲೈಸೆನ್ಸ್ ತಗೋ, ಆಯ್ತು' ಎಂಬ ಸಲಹೆ ಓಡಾಡುವುದು ಇದರ ಆಧಾರದ ಮೇಲೆಯೇ. ವಿನಾಯಿತಿ ನಿಜ. ಆದರೆ ನಿಮ್ಮ ವೀಸಾ ಸ್ಥಿತಿಗೆ, ನಿಮ್ಮ ರಾಜ್ಯಕ್ಕೆ, ಆ ದಿನಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಹೇಳಬೇಕಾದವರು ಇಮಿಗ್ರೇಷನ್ ವಕೀಲರು, ರೂಮ್‌ಮೇಟ್ ಅಲ್ಲ. ರೇಂಜ್‌ನ ಕೌಂಟರ್‌ನಲ್ಲಿ ಯಾರೂ ಕೇಳಲಿಲ್ಲ ಅಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಇದು ಬರೀ ಪುಸ್ತಕದ ಕಾನೂನು ಎಂದುಕೊಳ್ಳಬೇಡಿ. ಹಮೀದ್ ರೆಹೈಫ್ ಎಂಬ ಯುಎಇ ಮೂಲದ ಯುವಕ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಬಂದಿದ್ದ. ಅಂಕ ಕಡಿಮೆಯಾಗಿ ಯೂನಿವರ್ಸಿಟಿ ಅವನನ್ನು ಕೈಬಿಟ್ಟಿತು. ಅದರ ಜೊತೆ ವೀಸಾ ಸ್ಥಿತಿಯೂ ಹೋಯಿತು. ಆಮೇಲೆ ಆತ ಒಂದು ರೇಂಜ್‌ಗೆ ಹೋಗಿ ಎರಡು ಬಂದೂಕುಗಳಿಂದ ಗುಂಡು ಹೊಡೆದ. ಅಕ್ರಮವಾಗಿ ದೇಶದಲ್ಲಿದ್ದುಕೊಂಡು ಬಂದೂಕು ಹೊಂದಿದ್ದ ಎಂದು ಕೇಸಾಯಿತು, 18 ತಿಂಗಳ ಶಿಕ್ಷೆಯೂ ಆಯಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2019ರ ಜೂನ್‌ನಲ್ಲಿ ಕೋರ್ಟ್ 7-2ರ ಬಹುಮತದಿಂದ ಅವನ ಪರ ತೀರ್ಪು ಕೊಟ್ಟಿತು. ತನ್ನ ವೀಸಾ ಸ್ಥಿತಿ ಕಾನೂನುಬಾಹಿರವಾಗಿದೆ ಎಂದು ಅವನಿಗೆ ತಿಳಿದಿತ್ತು ಎಂಬುದನ್ನೂ ಸರ್ಕಾರ ಸಾಬೀತು ಮಾಡಬೇಕು ಎಂದಿತು. ಆದರೆ ಇದು ನಮ್ಮ ಹುಡುಗರಿಗೆ ಸಮಾಧಾನ ಕೊಡುವ ತೀರ್ಪಲ್ಲ. ಎಫ್-1ನಲ್ಲಿ ಇರುವವರಿಗೆ ತಾವು ಎಫ್-1 ಎಂಬುದು ಚೆನ್ನಾಗಿಯೇ ಗೊತ್ತಿರುತ್ತದಲ್ಲ! ರೇಂಜ್‌ನಲ್ಲಿ ಕಳೆದ ಒಂದು ಮಧ್ಯಾಹ್ನ ಸುಪ್ರೀಂ ಕೋರ್ಟ್‌ವರೆಗೆ ಎಳೆಯಿತು ಅನ್ನೋದೇ ನೆನಪಿಡಬೇಕಾದ್ದು.

ನನ್ನ ಚಿಕ್ಕಮ್ಮನ ಮಗ ನಮ್ಮ ಮನೆಯಲ್ಲೇ ಇದ್ದಾನೆ. ಎಂ.ಎಸ್. ಮುಗಿದಿದೆ, ಒಪಿಟಿಯಲ್ಲಿ ಕೆಲಸ ಹುಡುಕುತ್ತಿದ್ದಾನೆ. ಒಪಿಟಿ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ದಿನ ಎಣಿಸುತ್ತಾ ಕೂತಿದ್ದಾನೆ. ಚಿಕ್ಕಪ್ಪ ಅವನ ಓದಿಗೆ ಮನೆ ಪತ್ರ ಇಟ್ಟು ಬ್ಯಾಂಕ್ ಸಾಲ ತೆಗೆದಿದ್ದಾರೆ. 'ನೀನ್ ಹೋಗ್ತೀಯ, ನಾನ್ ಬಂದ್ರೆ ಏನಕ್ಕಾ? ಒಂದೇ ಒಂದ್ ವಿಡಿಯೊ' ಅಂತ ಒಂದಿನ ಕೇಳಿದ. 'ನಿನ್ನ ವಿಡಿಯೊ ಮೂವತ್ತು ಸೆಕೆಂಡ್ ಕಣೋ, ನಿಮ್ಮಪ್ಪನ ಸಾಲ ಹದಿನೈದು ವರ್ಷದ್ದು' ಅಂದೆ. ಮತ್ತೆ ಕೇಳಲಿಲ್ಲ.

ಗ್ರೀನ್ ಕಾರ್ಡ್‌ಗಾಗಿ ನಾನೇ ಹನ್ನೊಂದು ವರ್ಷ ಕಾದೆ. ಆ ಹನ್ನೊಂದು ವರ್ಷದಲ್ಲಿ ಆಫೀಸಿನವರು ಎಷ್ಟು ಸಲ ಕರೆದಿದ್ದರೋ, ಅಷ್ಟೂ ಸಲ 'ಕಾರ್ಡ್ ಬಂದ ಮೇಲೆ' ಅಂದಿದ್ದೆ. ಗೇಲಿ ಮಾಡಿದರು. ಮಾಡಲಿ ಬಿಡಿ, ಕ್ಯೂನಲ್ಲಿ ನಿಂತಿದ್ದವಳು ನಾನು.

ಅಂಗಡಿಯ ಆ ಫಾರಂ

ಗ್ರೀನ್ ಕಾರ್ಡ್ ಇರುವವರು ಲೈಸೆನ್ಸ್ ಇರುವ ಅಂಗಡಿಯಿಂದ ಗನ್ ಕೊಳ್ಳಬಹುದು. ಕೈಬಂದೂಕಿಗೆ 21 ವರ್ಷ ತುಂಬಿರಬೇಕು. 4473 ಎಂಬ ಫಾರಂ ತುಂಬಬೇಕು. ಈ ಗನ್ ನಿಮಗಾಗಿಯೇ ಕೊಳ್ಳುತ್ತಿದ್ದೀರಾ, ಬೇರೆಯವರ ಪರವಾಗಿಯಾ? ದೊಡ್ಡ ಅಪರಾಧದಲ್ಲಿ ಶಿಕ್ಷೆಯಾಗಿದೆಯಾ? ನಾನ್ ಇಮಿಗ್ರಂಟ್ ವೀಸಾದಲ್ಲಿ ಬಂದವರಾ? ಗಾಂಜಾ ಸೇವಿಸುತ್ತೀರಾ? ರಾಜ್ಯದ ಕಾನೂನು ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿದ್ದರೂ ಫೆಡರಲ್ ಕಾನೂನು ಒಪ್ಪುವುದಿಲ್ಲ ಎಂದು ಫಾರಂನಲ್ಲೇ ಅಚ್ಚಾಗಿದೆ. ಸುಳ್ಳು ಬರೆದರೆ ಅದೇ ಒಂದು ಅಪರಾಧ. ಆಮೇಲೆ ಎಫ್‌ಬಿಐ ನಡೆಸುವ ವ್ಯವಸ್ಥೆಯಲ್ಲಿ ಹಿನ್ನೆಲೆ ಪರಿಶೀಲನೆ ಆಗುತ್ತದೆ.

ನನ್ನ ವಿಷಯದಲ್ಲಿ ಎಲ್ಲ ಒಂದು ಗಂಟೆಯೊಳಗೆ ಮುಗಿಯಿತು. ಟೆಕ್ಸಾಸ್‌ನಲ್ಲಿ ಗನ್ ಕೊಳ್ಳಲು ಬೇರೆ ಲೈಸೆನ್ಸ್ ಬೇಡ, ತರಬೇತಿಯ ಸರ್ಟಿಫಿಕೇಟ್ ಬೇಡ. ಪೆಟ್ಟಿಗೆ ಕೈಗೆ ಕೊಟ್ಟಾಗ ಖುಷಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಇಲ್ಲಿ ಡ್ರೈವಿಂಗ್ ಲೈಸೆನ್ಸ್‌ಗೆ ನಾನು ಪರೀಕ್ಷೆ ಬರೆದು, ಗಾಡಿ ಓಡಿಸಿ ತೋರಿಸಿದ್ದೆ. ಇದಕ್ಕೆ ಏನನ್ನೂ ಓಡಿಸಿ ತೋರಿಸಬೇಕಾಗಿ ಬರಲಿಲ್ಲ. ಕಾನೂನು ಕೇಳದೇ ಇದ್ದ ಪರೀಕ್ಷೆಯನ್ನು ನಮಗೆ ನಾವೇ ಒಡ್ಡಿಕೊಳ್ಳಬೇಕು ಎಂದು ಅನ್ನಿಸಿದ್ದರಿಂದಲೇ ಆ ಮೇಷ್ಟ್ರ ಹತ್ತಿರ ಹೋದದ್ದು.

ಖರ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಗನ್‌ಗೆ ಒಮ್ಮೆ ಕೊಡುವುದು ಕಣ್ಣಿಗೆ ಕಾಣುತ್ತದೆ. ಸೇಫ್, ಕಿವಿಯ ಮಫ್, ಲೇನ್ ಬಾಡಿಗೆ, ಗುಂಡು ಎಲ್ಲ ಸೇರಿ ಮೊದಲ ವರ್ಷವೇ ಗನ್ನಿನ ಬೆಲೆಯನ್ನು ದಾಟುತ್ತದೆ. ಮ್ಯಾಗ್ನಮ್ ಗುಂಡು .38ಗಿಂತ ದುಬಾರಿ. ಹಾಗಾಗಿ ಐವತ್ತರಲ್ಲಿ ನಲವತ್ತು .38, ಕೊನೆಯ ಹತ್ತು ಮಾತ್ರ ಮ್ಯಾಗ್ನಮ್. ಕೈಗೂ ಜೇಬಿಗೂ ಅದೇ ಹಿತ.

ಬೀಗ ಹಾಕುವ ಕೆಲಸವೇ ದೊಡ್ಡದು

ರೇಂಜ್‌ನಲ್ಲಿ ಕಳೆಯುವುದು ತಿಂಗಳಿಗೆ ಎರಡು ಗಂಟೆ. ಉಳಿದ ಅಷ್ಟೂ ಹೊತ್ತು ಅದು ಮನೆಯಲ್ಲಿರುತ್ತದೆ. ಗನ್ ಇಟ್ಟುಕೊಳ್ಳುವುದು ಅಂದರೆ ನಿಜವಾಗಿ ಇದೇ.

ಮಕ್ಕಳ ಕೈಗೆ ಗುಂಡು ತುಂಬಿದ ಗನ್ ಸಿಗುವ ಹಾಗೆ ಇಟ್ಟರೆ ಟೆಕ್ಸಾಸ್‌ನಲ್ಲೂ ಅಪರಾಧವೇ. ಅಲ್ಲಿ ಮಗು ಅಂದರೆ 17 ವರ್ಷದೊಳಗಿನವರು. ಆದರೆ ನನ್ನ ಚಿಂತೆ ಮಕ್ಕಳದ್ದು ಮಾತ್ರವಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಂತೆ 2021ರಲ್ಲಿ ಇಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, 26,328 ಮಂದಿ, ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗೆ ಹೆದರಿ ಮನೆಗೆ ತಂದ ಗನ್ ಮನೆಯವರನ್ನೇ ಬಲಿ ತೆಗೆದುಕೊಂಡ ಕಥೆಗಳು ಈ ಅಂಕಿಯೊಳಗೆ ಎಷ್ಟಿವೆಯೋ. ಮನುಷ್ಯನಿಗೆ ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ.

ಎರಡು ವರ್ಷದ ಹಿಂದೆ ಲೇಆಫ್ ಆದಾಗ ನಮ್ಮ ಸ್ನೇಹಿತರೊಬ್ಬರು ಒಂದು ಸಂಜೆ ಮನೆಗೆ ಬಂದರು. ಕಾಫಿ ಕುಡಿದು, ಅವರ ಪಿಸ್ತೂಲಿನ ಪೆಟ್ಟಿಗೆ ಟೇಬಲ್ ಮೇಲಿಟ್ಟು, 'ಕೆಲಸ ಸಿಗೋ ತನಕ ನಿಮ್ಮ ಸೇಫ್‌ನಲ್ಲಿ ಇರ್ಲಿ' ಅಂದರು. ನಾವು ಏನೂ ಕೇಳಲಿಲ್ಲ. ಐದು ತಿಂಗಳ ಮೇಲೆ ಹೊಸ ಕೆಲಸದ ಸ್ವೀಟ್ ಬಾಕ್ಸ್ ಹಿಡಿದು ಬಂದು, ಪೆಟ್ಟಿಗೆ ವಾಪಸ್ ತೆಗೆದುಕೊಂಡು ಹೋದರು. ಗನ್ ಇಟ್ಟುಕೊಂಡವರಲ್ಲಿ ನಾನು ಕಂಡ ಅತ್ಯಂತ ಧೈರ್ಯದ ಕೆಲಸ ಅದು. ಕೆಲಸ ಹುಡುಕುತ್ತಾ, ರಿಜೆಕ್ಷನ್ ಮೇಲ್ ಎಣಿಸುತ್ತಾ ಇರುವ ಓದುಗರಿಗೆ ಇಲ್ಲೇ ಒಂದು ಮಾತು: ಮನಸ್ಸು ಕುಗ್ಗಿದಾಗ ಒಬ್ಬರ ಹತ್ತಿರವಾದರೂ ಬಾಯಿ ಬಿಡಿ. ಭಾರತದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988 ನಂಬರಿಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕೇಳುವವರಿದ್ದಾರೆ.

ನಮ್ಮ ಸೇಫ್ ಗೋಡೆಗೆ ಬೋಲ್ಟ್ ಮಾಡಿದೆ. ಅದರ ನಂಬರ್ ನನಗೂ ನಮ್ಮವರಿಗೂ ಮಾತ್ರ ಗೊತ್ತು. ಗುಂಡು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕೀ. ತಮ್ಮ ಒಪಿಟಿಯಲ್ಲಿ ಇರುವುದರಿಂದ, ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬರುವುದರಿಂದ, ಅವರ ಕೈಗೆ ಎಟುಕದ ಹಾಗೆ ಇಡುವುದು ಕಾನೂನಿನ ದೃಷ್ಟಿಯಿಂದಲೂ ಕ್ಷೇಮ. ಕಳೆದ ಸಲ ನವರಾತ್ರಿಗೆ ಅಮ್ಮ ಇಲ್ಲೇ ಇದ್ದರು. ಆಯುಧಪೂಜೆ ದಿನ ಕಾರು, ಲ್ಯಾಪ್‌ಟಾಪ್, ಮಿಕ್ಸಿ ಎಲ್ಲದಕ್ಕೂ ಕುಂಕುಮ ಇಟ್ಟು, 'ಅದನ್ನೂ ಈಚೆ ತೆಗಿಯೇ, ಆಯುಧ ಅಂದ್ಮೇಲೆ ಪೂಜೆ ಬೇಡ್ವಾ?' ಅಂದರು. 'ಬಾಗಿಲಿಗೇ ಇಡಮ್ಮ' ಅಂದೆ. ಬೀಗ ಹಾಕಿದ ಸೇಫ್‌ಗೆ ಕುಂಕುಮ, ಎರಡು ಸೇವಂತಿಗೆ ಹೂ. ಬೀಗಕ್ಕೇ ಪೂಜೆ ಆಯಿತಲ್ಲ ಎಂದು ಅಪ್ಪ ನಕ್ಕರು. ಸರಿಯಾಗಿಯೇ ಆಯಿತು ಅನ್ನಿಸಿತು.

ಹಾಗಾದರೆ ಆಸೆ ಇರುವವರು?

ಶೂಟಿಂಗ್ ಕಲಿಯಲು ಮ್ಯಾಗ್ನಮ್ ಬೇಕಿಲ್ಲ, ಅಮೆರಿಕವೂ ಬೇಕಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ಫೈರಿಂಗ್ ಜೊತೆಗೆ ಬರುವ 'ಬಿ', 'ಸಿ' ಸರ್ಟಿಫಿಕೇಟ್ ಕೆಲಸಕ್ಕೂ ಉಪಯೋಗ. ಕೊಡಗಿನ ಕಡೆಯವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ; ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿಕೊಂಡೇ ಬೆಳೆದಿರುತ್ತೀರಿ. ಉಳಿದವರಿಗೆ ಒಳ್ಳೆಯ ದಾರಿ ಏರ್ ಪಿಸ್ತೂಲ್. ಹತ್ತು ಮೀಟರ್ ದೂರ, 4.5 ಮಿಲಿಮೀಟರ್ ಪೆಲೆಟ್, ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಒಂದೇ ಕೈಯಲ್ಲಿ ಹೊಡೆಯಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲ್ ಹಿಡಿದೇ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದೂ ಈ ಹತ್ತು ಮೀಟರ್ ಏರ್ ಪಿಸ್ತೂಲ್‌ನಲ್ಲಿಯೇ. ಸದ್ದಿಲ್ಲ, ಬೆಂಕಿಯಿಲ್ಲ, ಒದೆತವಿಲ್ಲ. ಕೈ ನಿಲ್ಲಿಸುವ ಕಷ್ಟ ಮಾತ್ರ ಅಷ್ಟೇ ಇದೆ.

ಅಮೆರಿಕದಲ್ಲಿ ಓದುತ್ತಿರುವವರಿಗೂ ಇದೇ ದಾರಿ. ಮದ್ದಿನಿಂದಲ್ಲದೆ ಬರೀ ಗಾಳಿಯ ಒತ್ತಡದಿಂದ ಪೆಲೆಟ್ ಹಾರಿಸುವ ಏರ್ ಪಿಸ್ತೂಲ್ ಫೆಡರಲ್ ಕಾನೂನಿನ ಅರ್ಥದಲ್ಲಿ 'ಫೈರ್‌ಆರ್ಮ್' ಅಲ್ಲ. ರಾಜ್ಯದ, ಊರಿನ ನಿಯಮ ನೋಡಿಕೊಂಡು ಕ್ಲಬ್‌ಗೆ ಹೋಗಿ ಹೊಡೆಯಬಹುದು. ಕ್ಯಾಂಪಸ್ ಒಳಗೆ, ಹಾಸ್ಟೆಲ್ ರೂಮಿಗೆ ಮಾತ್ರ ಅದನ್ನೂ ಒಯ್ಯಬೇಡಿ. ಯೂನಿವರ್ಸಿಟಿಗಳ ನಿಯಮ ಬಹಳ ಬಿಗಿ. ಅನುಮಾನ ಬಂದರೆ ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸ್‌ನಲ್ಲಿ ಕೇಳಿ.

ನನ್ನ ತಮ್ಮ ಈಗ ಅದನ್ನೇ ಮಾಡುತ್ತಿದ್ದಾನೆ. ಭಾನುವಾರ ಬೆಳಿಗ್ಗೆ ಏರ್ ಪಿಸ್ತೂಲ್ ಕ್ಲಬ್‌ಗೆ ಹೋಗಿ ಒಂದು ಗಂಟೆ ನಿಂತು ಬರುತ್ತಾನೆ. ಸೋಮವಾರ ಮತ್ತೆ ರೆಸ್ಯೂಮೆ, ಮತ್ತೆ ಅರ್ಜಿ. ಹೋದ ವಾರ ಇಂಟರ್‌ವ್ಯೂನ ಮೂರನೇ ರೌಂಡ್ ದಾಟಿದ. ಪಿಸ್ತೂಲ್‌ಗೂ ಅದಕ್ಕೂ ಸಂಬಂಧ ಇದೆ ಎಂದು ನಾನು ಹೇಳುವುದಿಲ್ಲ, ಅವನು ಹೇಳುತ್ತಾನೆ: 'ಒಂದ್ ಪ್ರಶ್ನೆಗೆ ಉತ್ತರ ಬರ್ಲಿಲ್ಲಕ್ಕಾ. ಹೋಗ್ಲಿ ಅಂತ ಬಿಟ್ಟು ಮುಂದಿನ ಪ್ರಶ್ನೆ ಕೇಳಿಸ್ಕೊಂಡೆ.'